ತಿಗರಿಯಿಲ್ಲದ ಕುಂಭಕಲೆ

ಪ್ರೌಢಶಾಲೆಯ ಚಿತ್ರಕಲಾ ತರಗತಿಯಲ್ಲಿ ಮಣ್ಣಿನ ಕೆಲಸವು ತಿಗರಿಯಿಂದಲ್ಲದೆ ಬರಿಗೈಯಿಂದ ಆರಂಭವಾಗುವುದನ್ನು ಕಂಡು, ಇದು ಸಲಕರಣೆಯ ಅಭಾವದಿಂದ ಬಂದ ಉಪಾಯವೆಂದು ಯಾರೂ ಭಾವಿಸಬೇಕಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ದೊರೆತ ನವಶಿಲಾಯುಗದ ಪಾತ್ರೆಗಳು ಬಹುಮಟ್ಟಿಗೆ ಕೈಯಿಂದಲೇ ರೂಪುಗೊಂಡವು. ತಿಗರಿಯ ಪಾತ್ರೆಗಳು ಅಲ್ಲಿ ಪ್ರಧಾನವಾಗುವುದು ಅನಂತರದ ಬೃಹತ್ ಶಿಲಾಸಂಸ್ಕೃತಿಯ ಸ್ತರದಲ್ಲಿ. ತಿಗರಿಯು ವೇಗವನ್ನೂ ವರ್ತುಲಾಕಾರವನ್ನೂ ಕೊಡುತ್ತದೆ. ಕೈಯಾದರೋ ಮಣ್ಣಿನ ಸ್ವಭಾವವನ್ನು ಹೆಜ್ಜೆಹೆಜ್ಜೆಗೂ ಪರೀಕ್ಷಿಸುವಷ್ಟು ವ್ಯವಧಾನವನ್ನು ಕೊಡುತ್ತದೆ.

ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೂರು ಕ್ರಮಗಳನ್ನು ಕಲಿಸುವುದುಂಟು. ಮೊದಲನೆಯದರಲ್ಲಿ, ಚೆನ್ನಾಗಿ ನಾದಿದ ಜೇಡಿಮಣ್ಣಿನ ಉಂಡೆಯೊಳಕ್ಕೆ ಹೆಬ್ಬೆರಳನ್ನಿಳಿಸಿ, ಅದನ್ನು ಅಂಗೈಯಲ್ಲಿ ತಿರುಗಿಸುತ್ತ, ಗೋಡೆಯನ್ನು ಒತ್ತಿ ಒತ್ತಿ ತೆಳುಮಾಡಿ ಬಟ್ಟಲನ್ನು ಎತ್ತುತ್ತಾರೆ. ದಪ್ಪವು ಎಲ್ಲೆಡೆಯೂ ಸಮವಾಗಿದೆಯೆ ಎಂಬುದನ್ನು ಕಣ್ಣಿಗಿಂತ ಮೊದಲು ಬೆರಳೇ ಅರಿಯುವುದರಿಂದ ಸ್ಪರ್ಶಜ್ಞಾನಕ್ಕೆ ಇದೇ ಪ್ರಥಮ ಪಾಠ. ಎರಡನೆಯದರಲ್ಲಿ ಮಣ್ಣಿನ ಬತ್ತಿಗಳನ್ನು ಹೊಸೆದು ಚಕ್ಕುಲಿಯಂತೆ ಸುತ್ತಿ ಒಂದರ ಮೇಲೊಂದನ್ನು ಏರಿಸುತ್ತಾರೆ. ಸುತ್ತನ್ನು ಒಳಸರಿಸಿದರೆ ಕೊರಳು ಕಿರಿದಾಗುತ್ತದೆ, ಹೊರಸರಿಸಿದರೆ ಒಡಲು ಉಬ್ಬುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊ ಪ್ರಾಂತದ ಮರಿಯಾ ಮಾರ್ಟಿನೆಜ್ ಅವರ ಜಗದ್ವಿಖ್ಯಾತವಾದ ಕಪ್ಪು ಮಡಕೆಗಳು ತಿಗರಿಯ ನೆರವಿಲ್ಲದೆ ಈ ಕ್ರಮದಿಂದಲೇ ಹುಟ್ಟಿದವು. ಮೂರನೆಯದು, ಲಟ್ಟಣಿಗೆಯಿಂದ ಮಣ್ಣನ್ನು ಹಲಗೆಯಾಗಿ ಹರಡಿ, ಅದು ತೊಗಲಿನಷ್ಟು ಬಿಗಿದ ಮೇಲೆ ಕತ್ತರಿಸಿ, ಅಂಚುಗಳನ್ನು ಗೀಚಿ, ತೆಳುಗೆಸರು ಸವರಿ ಕೂಡಿಸುವ ವಿಧಾನ. ಪೆಟ್ಟಿಗೆಯನ್ನಾಗಲಿ ಪುಟ್ಟ ಮನೆಯ ಆಕಾರವನ್ನಾಗಲಿ ರಚಿಸುವುದು ಇದರಿಂದ ಸಾಧ್ಯ.

ಆದರೆ ಕೈಯ ಕೆಲಸಕ್ಕೆ ಕಡೆಯ ಪರೀಕ್ಷಕನು ಅಗ್ನಿಯೇ. ಒಣಗುವಾಗಲೇ ಮಣ್ಣು ಕುಗ್ಗುತ್ತದೆ. ತೆಳುಭಾಗವು ಬೇಗನೆಯೂ ದಪ್ಪಭಾಗವು ನಿಧಾನವಾಗಿಯೂ ಕುಗ್ಗಿದರೆ ನಡುವೆ ಬಿರುಕು ಬಿಡುವುದು ಸಹಜವಾದುದರಿಂದ ಪಾತ್ರೆಯನ್ನು ಒದ್ದೆಬಟ್ಟೆಯಿಂದ ಮುಚ್ಚಿ ಮೆಲ್ಲನೆ ಆರಿಸಬೇಕು. ಹಸಿ ಉಳಿದ ಪಾತ್ರೆಯನ್ನು ಆವಿಗೆಗೆ ಇಟ್ಟರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ನೀರು ಸಾವಿರಕ್ಕೂ ಮಿಕ್ಕಿದ ಪಾಲು ಹಿಗ್ಗಿ ಆವಿಯಾಗುವುದರಿಂದ ಗೋಡೆ ಸಿಡಿಯುತ್ತದೆ. ಸುಮಾರು 450ರಿಂದ 600 ಡಿಗ್ರಿಗಳ ನಡುವೆ ಮಣ್ಣಿನ ಕಣಗಳೊಡನೆ ರಾಸಾಯನಿಕವಾಗಿ ಬೆರೆತ ನೀರೂ ಹೊರಟುಹೋಗಿ, ಮಣ್ಣು ಮತ್ತೆ ಕೆಸರಾಗಲಾರದ ವಸ್ತುವಾಗುತ್ತದೆ. 573 ಡಿಗ್ರಿಯಲ್ಲಿ ಬೆಣಚುಕಲ್ಲಿನ ಕಣಗಳು ಥಟ್ಟನೆ ಹಿಗ್ಗುವುದರಿಂದ ಆ ಘಟ್ಟವನ್ನು ನಿಧಾನವಾಗಿ ದಾಟಿಸತಕ್ಕದ್ದು.

ಹೀಗೆ ಒಡೆದ ಬಟ್ಟಲಿಗೂ ಒಂದು ಕಾರಣವುಂಟು, ಆ ಕಾರಣವನ್ನು ಹುಡುಕಬಹುದು ಎಂಬ ಅರಿವು ಮೂಡಿದಾಗ ಕಲಾತರಗತಿಯು ವಿಜ್ಞಾನದ ತರಗತಿಯೂ ಆಗುತ್ತದೆ. ಆದುದರಿಂದ ಉಪಾಧ್ಯಾಯರು ಪಾತ್ರೆಯ ಚೆಲುವನ್ನು ಮಾತ್ರ ನೋಡಿ ಅಂಕ ಕೊಡದೆ, ತನ್ನ ಪಾತ್ರೆ ಎಲ್ಲಿ, ಏಕೆ ಬಿರಿಯಿತೆಂದು ವಿವರಿಸಿ ಮತ್ತೊಂದನ್ನು ತಿದ್ದಿ ಕಟ್ಟಬಲ್ಲ ವಿದ್ಯಾರ್ಥಿಗೂ ಸಮನಾದ ಮನ್ನಣೆ ಕೊಡುವುದು ನ್ಯಾಯ.