ತಿಮಿಂಗಿಲ ನೋಡಲು ಹೋದವಳಿಗೆ ಮೀನು ಕಂಡಿತು

‘ಅಷ್ಟ್ ದೂರ ಎಂತಕ್ ಹೋಪ್ದ್ ಹೆಣ್ಣೇ? ಸಮುದ್ರ ಇಲ್ಲ್ ಇಲ್ಯಾ?’

ತಿಮಿಂಗಿಲಗಳ ಜೊತೆ ಈಜಲು ಹೋಗುತ್ತೇನೆ ಎಂದು ನಾರ್ವೆಯಿಂದ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ ಪ್ರಶ್ನೆ ಇದು. ಅಪ್ಪ ಗಂಗೊಳ್ಳಿಯಲ್ಲಿ ಇಪ್ಪತ್ತೈದು ವರ್ಷದಿಂದ ಪರ್ಸೀನ್ ಬೋಟಿನಲ್ಲಿ ದುಡಿಯುತ್ತಿದ್ದಾನೆ. ಅಪ್ಪನಿಗೆ ಸಮುದ್ರ ಎಂದರೆ ಕೆಲಸದ ಜಾಗ. ದುಡ್ಡು ಕೊಟ್ಟು ಅದರೊಳಗೆ ಇಳಿಯುವವರೂ ಇದ್ದಾರೆ ಎಂಬುದೇ ಸೋಜಿಗ. ಅಮ್ಮನ ಪ್ರಶ್ನೆ ಇನ್ನೂ ನೇರವಾಗಿತ್ತು: ‘ನಿಂಗ್ ಈಜುಕ್ ಬತ್ತಿಲ್ಲ ಅಲ್ದಾ?’

ನಿಜ. ಮೀನುಗಾರರ ಮನೆಯಲ್ಲಿ ಹುಟ್ಟಿಯೂ ನನಗೆ ಈಜು ಬರುತ್ತಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪ ಹೋದ ದೋಣಿ ವಾಪಸ್ ಬರಲಿಲ್ಲ. ಆಮೇಲೆ ಮೊಣಕಾಲಿಗಿಂತ ಆಳದ ನೀರಿಗೆ ಇಳಿಯಲು ಅಮ್ಮ ನನ್ನನ್ನು ಬಿಟ್ಟೇ ಇಲ್ಲ. ಮನೆಯ ಅಂಗಳದಿಂದ ಕಾಣುವ ಸಮುದ್ರವನ್ನು ನಾನು ಇಪ್ಪತ್ತು ವರ್ಷ ದಡದಲ್ಲಿ ನಿಂತೇ ನೋಡಿದವಳು.

ಬಿಇ ಎಲೆಕ್ಟ್ರಾನಿಕ್ಸ್ ಐದನೇ ಸೆಮಿಸ್ಟರ್‌ಗೆ ವಿದ್ಯಾರ್ಥಿ ವಿನಿಮಯದಡಿ ಟ್ರೊಮ್ಸೊದ ವಿಶ್ವವಿದ್ಯಾಲಯಕ್ಕೆ ಹೋಗುವ ಅವಕಾಶ ಸಿಕ್ಕಿತು. ಭೂಪಟದಲ್ಲಿ ನೋಡಿದರೆ ಆ ಊರು ಆರ್ಕ್‌ಟಿಕ್ ವೃತ್ತದಿಂದಲೂ ಮೇಲೆ. ಹೋದ ಮೊದಲ ವಾರವೇ ಸಹಪಾಠಿಗಳ ಬಾಯಲ್ಲಿ ಒಂದೇ ಮಾತು: ‘ನವೆಂಬರ್‌ನಲ್ಲಿ ಓರ್ಕಾ ಬರುತ್ತವೆ’.

ನನಗೂ ಆಸೆಯಾಯಿತು. ಆದರೆ ಗೈಡ್ ಜೊತೆ ಒಂದು ದಿನದ ಟ್ರಿಪ್‌ಗೆ ನಮ್ಮ ಲೆಕ್ಕದಲ್ಲಿ ಸುಮಾರು ಮೂವತ್ತು ಸಾವಿರ ರೂಪಾಯಿ. ಅಲ್ಲಿ ವಿದ್ಯಾರ್ಥಿಗಳು ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಶನಿವಾರ, ಭಾನುವಾರ ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆದೆ. ವಾರದಲ್ಲಿ ಮೂರು ಸಂಜೆ ಈಜುಕೊಳಕ್ಕೆ ಹೋದೆ. ಪಕ್ಕದಲ್ಲಿ ಐದಾರು ವರ್ಷದ ಮಕ್ಕಳು ಮೀನಿನಂತೆ ಓಡಾಡುತ್ತಿದ್ದರೆ ನಾನು ಕಂಬಿ ಹಿಡಿದುಕೊಂಡು ಕಾಲು ಬಡಿಯುತ್ತಿದ್ದೆ. ಹತ್ತು ವಾರಕ್ಕೆ ಉಸಿರುಗೊಳವೆ ಕಚ್ಚಿಕೊಂಡು, ಮುಖ ನೀರಿಗೆ ಹಾಕಿ ಹೆದರದೆ ತೇಲುವುದು ಬಂತು. ಅಷ್ಟು ಸಾಕು ಎಂದರು ಟ್ರಿಪ್‌ನವರು.

ಗೈಡ್ ಕಲಿಸಿದ ಮೊದಲ ಪಾಠ

ಟ್ರೊಮ್ಸೊದಿಂದ ಉತ್ತರಕ್ಕೆ ಶೆರ್ವಯ್ ಎಂಬ ಊರಿದೆ. ಮೂರು ಸಾವಿರ ಜನರೂ ಇಲ್ಲದ ದ್ವೀಪದ ಊರು. ಬಂದರು, ಮಂಜುಗಡ್ಡೆ ಪೆಟ್ಟಿಗೆ, ಬಲೆಯ ರಾಶಿ, ಹಕ್ಕಿಗಳ ಗಲಾಟೆ, ಮೀನಿನ ವಾಸನೆ. ಕಣ್ಣು ಮುಚ್ಚಿದರೆ ಗಂಗೊಳ್ಳಿಯೇ. ಕಣ್ಣು ಬಿಟ್ಟರೆ ಸುತ್ತ ಹಿಮದ ಬೆಟ್ಟ. ನಾನು ಹೋದ ನವೆಂಬರ್ ಮಧ್ಯದಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಬೆಳಕು ಹರಿದರೆ ಮಧ್ಯಾಹ್ನ ಎರಡಕ್ಕೆಲ್ಲ ಮಬ್ಬು. ಇನ್ನು ಹದಿನೈದು ದಿನ ತಡವಾದರೆ ಸೂರ್ಯ ಹುಟ್ಟುವುದೇ ಇಲ್ಲ. ಜನವರಿಯವರೆಗೂ ಬರಿಯ ಮುಸ್ಸಂಜೆಯ ಬೆಳಕು.

ಮೊದಲ ದಿನ ಗಾಳಿ ಜೋರಾಗಿ ಟ್ರಿಪ್ಪೇ ರದ್ದಾಯಿತು. ಎರಡನೆಯ ದಿನ ಹೊರಟೆವು. ಮೈಗೆ ಎರಡು ಪದರ ಉಣ್ಣೆ ಬಟ್ಟೆ, ಅದರ ಮೇಲೆ ಡ್ರೈಸೂಟ್. ಇದು ನೀರನ್ನು ಒಳಗೆ ಬಿಡದ ಉಡುಪು. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಐದಾರು ಡಿಗ್ರಿಯ ನೀರಿಗೆ ಬರಿ ಮೈಯಲ್ಲಿ ಇಳಿದರೆ ಕೆಲವೇ ನಿಮಿಷದಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಡ್ರೈಸೂಟ್ ಒಳಗೆ ಉಳಿಯುವ ಗಾಳಿಯ ಪದರವೇ ನಮ್ಮನ್ನು ಕಾಪಾಡುವುದು, ತೇಲಿಸುವುದೂ ಅದೇ.

ನಮ್ಮ ಗೈಡ್ ನಲವತ್ತು ದಾಟಿದ ಹೆಂಗಸು, ಮೀನುಗಾರರ ಮಗಳು. ರಬ್ಬರ್ ದೋಣಿಯಲ್ಲಿ ನಾವು ಆರು ಜನ. ಹೊರಡುವ ಮೊದಲೇ ನಿಯಮ ಹೇಳಿದರು. ನೀರಿಗೆ ಧುಮುಕಬಾರದು, ದೋಣಿಯ ಅಂಚಿನಿಂದ ಸದ್ದಿಲ್ಲದೆ ಜಾರಬೇಕು. ಎಲ್ಲರೂ ಒಟ್ಟಿಗಿರಬೇಕು. ಪ್ರಾಣಿಯ ಬೆನ್ನು ಹತ್ತಬಾರದು, ಮುಟ್ಟಲು ಹೋಗಬಾರದು. ನಾನು ‘ಬನ್ನಿ’ ಎಂದರೆ ಮರುಮಾತಿಲ್ಲದೆ ದೋಣಿ ಹತ್ತಬೇಕು.

ನಾರ್ವೆಯವರು ಓರ್ಕಾವನ್ನು ‘ಸ್ಪೆಕ್‌ಹೊಗ್ಗರ್’ ಎನ್ನುತ್ತಾರೆ, ಕೊಬ್ಬು ಕತ್ತರಿಸುವವ ಎಂದರ್ಥ. ಇಂಗ್ಲಿಷ್‌ನವರು ಕೊಲೆಗಾರ ತಿಮಿಂಗಿಲ ಎಂದೇ ಹೆಸರಿಟ್ಟರು. ಅಸಲಿಗೆ ಓರ್ಕಾ ಡಾಲ್ಫಿನ್ ಕುಟುಂಬದ್ದು, ಅದರಲ್ಲಿ ಎಲ್ಲಕ್ಕಿಂತ ದೊಡ್ಡದು. ಕಡಲಲ್ಲಿ ಸ್ವತಂತ್ರವಾಗಿರುವ ಓರ್ಕಾ ಮನುಷ್ಯನನ್ನು ಕೊಂದ ದಾಖಲೆಯಿಲ್ಲ. ಕೊಂದಿರುವುದು ಮನರಂಜನೆಗಾಗಿ ತೊಟ್ಟಿಯಲ್ಲಿ ಕೂಡಿಹಾಕಿದ ಓರ್ಕಾಗಳು.

ಒಂದು ಗಂಟೆಯ ನಂತರ ದೂರದಲ್ಲಿ ಕಪ್ಪು ರೆಕ್ಕೆಗಳು ಕಂಡವು. ಗಂಡು ಓರ್ಕಾದ ಬೆನ್ನಿನ ರೆಕ್ಕೆ ಹೆಚ್ಚುಕಡಿಮೆ ಆಳೆತ್ತರ. ಏಳೆಂಟು ಇದ್ದವು, ನಡುವೆ ಒಂದು ಮರಿ. ನನ್ನ ಎದೆ ಹೊಡೆದುಕೊಳ್ಳತೊಡಗಿತು. ನಾನು ಮಾಸ್ಕ್ ಏರಿಸಿಕೊಂಡೆ. ಗೈಡ್ ತಲೆ ಅಲ್ಲಾಡಿಸಿದರು: ‘ಇಲ್ಲ. ಅವು ಎಲ್ಲಿಗೋ ಹೊರಟಿವೆ. ದಾರಿಗೆ ಅಡ್ಡ ಹೋಗುವುದಿಲ್ಲ.’

ಅಷ್ಟರಲ್ಲಿ ಇನ್ನೊಂದು ದೋಣಿ ವೇಗವಾಗಿ ಬಂದು ಅವುಗಳ ಮುಂದೆಯೇ ನಿಂತಿತು. ನಾಲ್ಕೈದು ಜನ ದುಡುಂ ದುಡುಂ ಎಂದು ನೀರಿಗೆ ಬಿದ್ದರು. ಓರ್ಕಾಗಳು ಒಮ್ಮೆಗೇ ಮುಳುಗಿದವು. ಮತ್ತೆ ಎದ್ದಾಗ ಅರ್ಧ ಕಿಲೋಮೀಟರ್ ಆಚೆ, ಬೇರೆ ದಿಕ್ಕಿನಲ್ಲಿ. ಮರಿ ತಾಯಿಗೆ ಅಂಟಿಕೊಂಡಿತ್ತು.

ನಮ್ಮ ದೋಣಿಯಲ್ಲಿದ್ದ ಒಬ್ಬರು ಗೊಣಗಿದರು: ‘ಅವರಾದರೂ ಇಳಿದರು. ನಾವೂ ದುಡ್ಡು ಕೊಟ್ಟಿದ್ದೇವೆ.’ ಗೈಡ್ ಸಿಟ್ಟಾಗಲಿಲ್ಲ. ‘ನೀವು ಕೊಟ್ಟಿದ್ದು ದೋಣಿಯ ಇಂಧನಕ್ಕೆ, ನನ್ನ ಸಮಯಕ್ಕೆ. ಅವುಗಳಿಗೆ ಯಾರೂ ಏನೂ ಕೊಟ್ಟಿಲ್ಲ’ ಎಂದರು. ಗೊಣಗಿದವರು ಸುಮ್ಮನಾದರು. ಒಳಗೊಳಗೇ ನಾನೂ ಗೊಣಗುತ್ತಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಪಾತ್ರೆ ತೊಳೆದ ಶನಿವಾರಗಳೆಲ್ಲ ಕಣ್ಣ ಮುಂದೆ ಬಂದಿದ್ದವು.

ಎರಡೇ ನಿಮಿಷ

ಬೆಳಕು ಇನ್ನೇನು ಹೋಗುತ್ತದೆ ಎನ್ನುವಾಗ ಒಂದು ಕಡೆ ಹಕ್ಕಿಗಳು ಮುತ್ತಿಕೊಂಡಿದ್ದು ಕಂಡಿತು. ಓರ್ಕಾಗಳು ಅಲ್ಲೇ ಸುತ್ತುತ್ತಿದ್ದವು. ‘ಊಟ ಮಾಡುತ್ತಿವೆ. ಈಗ ಅವಕ್ಕೆ ನಮ್ಮ ಮೇಲೆ ಗಮನವಿಲ್ಲ. ನಿಧಾನ, ನಿಧಾನ’ ಎಂದರು ಗೈಡ್. ದೋಣಿ ದೂರದಲ್ಲೇ ನಿಂತಿತು. ಜಾರಿದೆ.

ಮೊದಲು ಕೆನ್ನೆಗೆ ಸೂಜಿ ಚುಚ್ಚಿದಂತೆ ಚಳಿ. ಆಮೇಲೆ ಕೆಳಗೆ ಬರೀ ಕಡುನೀಲಿ, ತಳವೇ ಇಲ್ಲ. ಚಿಕ್ಕಪ್ಪನ ನೆನಪು ಬಂತು. ಉಸಿರು ಕಟ್ಟಿತು. ಗೈಡ್ ನನ್ನ ತೋಳು ಹಿಡಿದುಕೊಂಡರು. ಒಂದು, ಎರಡು, ಮೂರು ಎಂದು ಉಸಿರು ಎಣಿಸಿದೆ.

ಕಣ್ಣಿಗಿಂತ ಮೊದಲು ಕಿವಿಗೆ ಬಿದ್ದವು ಅವು. ಟಿಕ್ ಟಿಕ್ ಸದ್ದು, ನಡುನಡುವೆ ಸಿಳ್ಳೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ನೀರಿನಲ್ಲಿ ಸುಮಾರು 1500. ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುವುದರಿಂದ ಸದ್ದು ಯಾವ ಕಡೆಯಿಂದ ಬಂತು ಎಂದು ನಮ್ಮ ಮಿದುಳಿಗೆ ಗೊತ್ತಾಗುವುದಿಲ್ಲ. ಸಿಗ್ನಲ್ಸ್ ಪೇಪರ್‌ಗೆ ಓದಿದ್ದೆಲ್ಲ ಅಲ್ಲಿ ಮೈಗೆ ಅರ್ಥವಾಯಿತು. ಓರ್ಕಾಗಳಿಗೆ ಆ ಗೊಂದಲವಿಲ್ಲ. ಟಿಕ್ ಎಂಬ ಸದ್ದು ಹೋಗಿ ಬಡಿದು ಮರಳಿ ಬರುವುದರಲ್ಲೇ ಅವು ಕತ್ತಲ ನೀರನ್ನು ನೋಡುತ್ತವೆ.

ಆಮೇಲೆ ಕಂಡಿತು. ಸಾವಿರಾರು ಹೆರಿಂಗ್ ಮೀನುಗಳು ಒಂದಕ್ಕೊಂದು ಒತ್ತಿಕೊಂಡು ಬೆಳ್ಳಿಯ ಚೆಂಡಿನಂತೆ ತಿರುಗುತ್ತಿದ್ದವು. ಓರ್ಕಾಗಳು ಸುತ್ತುವರಿದು, ಬಿಳಿ ಹೊಟ್ಟೆ ತೋರಿಸಿ ಬೆದರಿಸಿ ಅವನ್ನು ಮೇಲಕ್ಕೆ ತಳ್ಳುತ್ತಿದ್ದವು. ಒಂದು ಓರ್ಕಾ ಬಾಲ ಬೀಸಿ ಹೊಡೆಯಿತು. ಧಡ್ ಎಂಬ ಸದ್ದು ನನ್ನ ಎದೆಗೂ ತಾಗಿತು. ಜ್ಞಾನ ತಪ್ಪಿದ ಮೀನುಗಳನ್ನು ಅವು ಅವಸರವಿಲ್ಲದೆ ಒಂದೊಂದಾಗಿ ಆರಿಸಿಕೊಂಡವು. ಅಷ್ಟು ದೊಡ್ಡ ಬಾಯಿಗೆ ಅಂಗೈಯಗಲದ ಮೀನು! ಹೆಣ್ಣು ಓರ್ಕಾವೊಂದು ನನ್ನ ಕಡೆ ತಿರುಗಿ ಒಂದು ಕ್ಷಣ ನೋಡಿ, ಮತ್ತೆ ತನ್ನ ಕೆಲಸಕ್ಕೆ ಹೋಯಿತು. ಸುತ್ತ ಮೀನಿನ ಹುರುಪೆಗಳು ಮಿನುಗುತ್ತಾ ಇಳಿಯುತ್ತಿದ್ದವು.

‘ಬನ್ನಿ! ಈಗಲೇ!’

ನಾನು ದೋಣಿಯೊಳಗೆ ಬಿದ್ದುಕೊಂಡು ತಿರುಗಿ ನೋಡುವಷ್ಟರಲ್ಲಿ ಅದೇ ಜಾಗದಲ್ಲಿ ನೀರು ಉಬ್ಬಿ ಹಂಪ್‌ಬ್ಯಾಕ್ ತಿಮಿಂಗಿಲವೊಂದು ಬಾಯ್ದೆರೆದು ಮೇಲೆದ್ದಿತು. ನಮ್ಮ ಬಸ್ಸಿಗಿಂತ ಉದ್ದ, ಇಪ್ಪತ್ತೈದು-ಮೂವತ್ತು ಟನ್ ತೂಕದ ಪ್ರಾಣಿ. ಓರ್ಕಾಗಳು ಕಷ್ಟಪಟ್ಟು ಕೂಡಿಹಾಕಿದ ಮೀನನ್ನು ಒಂದೇ ತುತ್ತಿಗೆ ಬಾಚಿಕೊಂಡು ಹೋಯಿತು. ಅದಕ್ಕೆ ನಮ್ಮನ್ನು ತಿನ್ನುವ ಉದ್ದೇಶವಿಲ್ಲ. ಆದರೆ ಮೀನಿನ ನಡುವೆ ನಾವಿದ್ದರೆ ಅದು ನೋಡಿಕೊಂಡು ಬಾಯಿ ಹಾಕುವುದೂ ಇಲ್ಲ. ನಾನು ನೀರಿನಲ್ಲಿದ್ದದ್ದು ಎಲ್ಲ ಸೇರಿ ಎರಡು ನಿಮಿಷವಂತೆ.

ಯಾರ ಬೆನ್ನು ಹಿಡಿದು ಯಾರು?

ದಡಕ್ಕೆ ಮರಳುವಾಗ ಗೈಡ್ ಹೇಳಿದ ಕತೆ ನನಗೆ ಓರ್ಕಾಗಳಷ್ಟೇ ಮುಖ್ಯವಾಯಿತು. ಈ ತಿಮಿಂಗಿಲಗಳು ಶೆರ್ವಯ್‌ಗೆ ಬರುವುದು ಊರು ಚೆಂದ ಎಂದಲ್ಲ, ಹೆರಿಂಗ್ ಬರುತ್ತದೆ ಎಂದು. ಚಳಿಗಾಲ ಕಳೆಯಲು ಹೆರಿಂಗ್ ಯಾವ ಫಿಯರ್ಡಿಗೆ, ಅಂದರೆ ಬೆಟ್ಟಗಳ ನಡುವಿನ ಯಾವ ಕಡಲ ಕವಲಿಗೆ ಹೋಗುತ್ತದೋ ಅಲ್ಲಿಗೆ ತಿಮಿಂಗಿಲ. ಅದರ ಹಿಂದೆ ಪ್ರವಾಸಿಗಳು. 1990ರ ದಶಕದಲ್ಲಿ ಅವು ದಕ್ಷಿಣದ ತಿಸ್‌ಫಿಯರ್ಡ್‌ನಲ್ಲಿ ಸೇರುತ್ತಿದ್ದವು. ಆಮೇಲೆ ಜಾಗ ಬದಲಿಸಿದವು. ಕೆಲವು ವರ್ಷ ಟ್ರೊಮ್ಸೊ ಪಕ್ಕಕ್ಕೇ ಬಂದು, ನಂತರ ಇನ್ನೂ ಉತ್ತರಕ್ಕೆ ಸರಿದವು. ಹೆರಿಂಗ್ ಎದ್ದು ಹೋದರೆ ಹೋಟೆಲ್, ದೋಣಿ, ಗೈಡ್ ಕೆಲಸ ಎಲ್ಲ ಎದ್ದು ಹೋಗುತ್ತದೆ.

ಈ ಹೆರಿಂಗ್ ಒಮ್ಮೆ ಬಹುತೇಕ ಮುಗಿದೇ ಹೋಗಿತ್ತು. 1950, 60ರ ದಶಕದಲ್ಲಿ ಸೋನಾರ್ ಬಂತು, ಬಲೆಯನ್ನು ಯಂತ್ರದಿಂದ ಎಳೆಯುವುದು ಬಂತು. ದೊಡ್ಡದು, ಮರಿ ಎನ್ನದೆ ಹಿಡಿದರು. 60ರ ದಶಕ ಮುಗಿಯುವಷ್ಟರಲ್ಲಿ ಬಲೆಗೆ ಬೀಳಲು ಮೀನೇ ಉಳಿಯಲಿಲ್ಲ. ನಂತರ ಹಿಡಿಯುವುದಕ್ಕೆ ಬಿಗಿಯಾದ ಕಡಿವಾಣ ಹಾಕಿದರು. ಚೇತರಿಸಿಕೊಳ್ಳಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. 1983ರಲ್ಲಿ ಹುಟ್ಟಿದ ಮರಿಗಳು ಹೆಚ್ಚು ಸಂಖ್ಯೆಯಲ್ಲಿ ಬದುಕಿಕೊಂಡದ್ದು ದೊಡ್ಡ ತಿರುವು. ಅಂದು ಮೀನುಗಾರರು ಹೊಟ್ಟೆ ಕಟ್ಟಿಕೊಳ್ಳದಿದ್ದರೆ ಇಂದು ನಾನು ನೋಡಲು ಏನೂ ಇರುತ್ತಿರಲಿಲ್ಲ.

ಹೆರಿಂಗ್ ಬೇರಾರೂ ಅಲ್ಲ, ನಮ್ಮ ಬೈಗೆಯ ನೆಂಟ. ಮಂಗಳೂರಿನ ಕಡೆ ಬೂತಾಯಿ ಎನ್ನುವುದು ಇದನ್ನೇ. ನಾನು ಹೈಸ್ಕೂಲಿನಲ್ಲಿದ್ದಾಗ ಬೈಗೆ ಸರಿಯಾಗಿ ಬಾರದ ವರ್ಷಗಳಿದ್ದವು. ದೋಣಿಗಳು ಡೀಸೆಲ್ ದುಡ್ಡೂ ಹುಟ್ಟದೆ ಮರಳುತ್ತಿದ್ದವು. ನನ್ನ ಒಂದು ವರ್ಷದ ಫೀಸಿಗೆ ಅಮ್ಮನ ಬಳೆ ಅಡವಿಗೆ ಹೋಗಿದ್ದು ಆಗಲೇ. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಆ ಎರಡು ತಿಂಗಳು ಮನೆಯಲ್ಲಿ ಕೈ ಬಿಗಿ. ‘ಸರ್ಕಾರಕ್ಕೇನು, ಕಾಗದದ ಮೇಲೆ ಬರೆದು ಕೂತಿದೆ’ ಎಂದು ಚಿಕ್ಕವಳಿದ್ದಾಗ ನಾನೂ ಬೈದವಳು. ಮೊಟ್ಟೆ ಇಡುವ ಮೀನಿಗೆ ಬಿಡುವು ಕೊಡದೆ, ಮರಿಯನ್ನೂ ಫಿಶ್‌ಮೀಲ್ ಫ್ಯಾಕ್ಟರಿಗೆ ಮಾರಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಆ ಹಿಮದ ಊರಿನಲ್ಲಿ ಸಿಕ್ಕಿತು.

ಆ ರಾತ್ರಿ ಬಂದರಿನಲ್ಲಿ ನಿಂತು ಮನೆಗೆ ವಿಡಿಯೊ ಕಾಲ್ ಮಾಡಿದೆ. ಗೆಳತಿಯರೆಲ್ಲ ಮೆಸೇಜ್‌ನಲ್ಲಿ ‘ಫೋಟೊ ಎಲ್ಲಿ? ರೀಲ್ಸ್ ಎಲ್ಲಿ?’ ಎಂದು ಕೇಳಿದ್ದರು. ನನ್ನ ಬಳಿ ಒಂದೂ ಇರಲಿಲ್ಲ. ನೀರಿನಲ್ಲಿ ನನ್ನ ಎರಡೂ ಕೈ ಗೈಡ್ ತೋಳಿನ ಮೇಲಿದ್ದವು. ಅಮ್ಮ ‘ಚಳಿ ಆಯ್ತಾ? ಉಂಡ್ಯಾ?’ ಎಂದಳು. ಅಪ್ಪ ನನ್ನ ಹಿಂದೆ ನಿಂತಿದ್ದ ಹೆರಿಂಗ್ ದೋಣಿಯನ್ನೇ ನೋಡುತ್ತಿದ್ದ. ಕ್ಯಾಮೆರಾ ತಿರುಗಿಸಿ ಬಲೆ, ಎಳೆಯುವ ಯಂತ್ರ ಎಲ್ಲ ತೋರಿಸಲು ಹೇಳಿದ. ಕೊನೆಗೆ ಕೇಳಿದ್ದು ಒಂದೇ:

‘ಮೀನ್ ಇತ್ತಾ?’

‘ಇತ್ತ್ ಅಪ್ಪ. ಎಲ್ಲರಿಗೂ ಸಾಕಾಪಷ್ಟ್ ಇತ್ತ್.’

ಮತ್ತೆ ಹೋಗುತ್ತೀಯಾ ಎಂದು ಕಾಲೇಜಿನಲ್ಲಿ ಕೇಳುತ್ತಾರೆ. ನೀರಿಗೆ ಇಳಿದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಇಪ್ಪತ್ತು ವರ್ಷದ ಹೆದರಿಕೆ ಅಲ್ಲಿ ಇಳಿಯಿತು. ಆದರೆ ಅಂದು ದಾರಿ ಬಿಟ್ಟು ಓಡಿದ ಆ ತಾಯಿ, ಮರಿಯೂ ಕಣ್ಣಿಗೆ ಕಟ್ಟಿವೆ. ಇನ್ನೊಮ್ಮೆ ಹೋದರೆ ದೋಣಿಯಲ್ಲೇ ಕೂತು ನೋಡುತ್ತೇನೆ ಅನ್ನಿಸುತ್ತದೆ. ನೀವು ಹೋಗುವುದಾದರೆ ‘ಇಲ್ಲ’ ಎನ್ನುವ ಗೈಡನ್ನೇ ಹುಡುಕಿಕೊಳ್ಳಿ.

ಸದ್ಯಕ್ಕೆ ಆರನೇ ಸೆಮಿಸ್ಟರ್ ಪ್ರಾಜೆಕ್ಟಿಗೆ ನೀರೊಳಗಿನ ಸದ್ದು ಕೇಳುವ ಅಗ್ಗದ ಮೈಕ್ ಮಾಡುತ್ತಿದ್ದೇನೆ. ರಜೆಯಲ್ಲಿ ಊರಿಗೆ ಹೋದಾಗ ಗಂಗೊಳ್ಳಿ ಅಳಿವೆಯಲ್ಲಿ ಅದನ್ನು ಇಳಿಸಿ ನೋಡಬೇಕು. ಅಪ್ಪ ದೋಣಿ ಕೊಡಿಸುತ್ತೇನೆ ಎಂದಿದ್ದಾನೆ. ಅಮ್ಮ ಇನ್ನೂ ಹೂಂ ಎಂದಿಲ್ಲ.