ಕುರ್ಸುರಾ: ಗಾಳಿಯ ಲೆಕ್ಕದಲ್ಲಿ ಕಟ್ಟಿದ ಹಡಗು

ವಿಶಾಖಪಟ್ಟಣದ ರಾಮಕೃಷ್ಣ ಬೀಚ್‌ನಲ್ಲಿ ಮರಳಿನ ಅಂಚಿಗೆ ನಿಂತಿರುವ ಐಎನ್‌ಎಸ್ ಕುರ್ಸುರಾ, ವಸ್ತುಸಂಗ್ರಹಾಲಯವಾಗಿ ಬದಲಾದ ಭಾರತದ ಮೊದಲ ಜಲಾಂತರ್ಗಾಮಿ. ಉದ್ದ 91.3 ಮೀಟರ್, ಅಗಲ 7.5 ಮೀಟರ್. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಈ ನೌಕೆ 1969ರ ಡಿಸೆಂಬರ್ 18ರಂದು ರಿಗಾ ಬಂದರಿನಲ್ಲಿ ಭಾರತೀಯ ನೌಕಾಪಡೆಗೆ ಸೇರಿತು. ದೇಶದ ಜಲಾಂತರ್ಗಾಮಿ ದಳ ಆರಂಭವಾದದ್ದು 1967ರಲ್ಲಿ, ಐಎನ್‌ಎಸ್ ಕಲ್ವರಿಯಿಂದ. ಕುರ್ಸುರಾ ಅದೇ ವರ್ಗದ ನಾಲ್ಕನೆಯದು. 1971ರ ಯುದ್ಧದಲ್ಲಿ ಅರಬ್ಬಿ ಸಮುದ್ರದಲ್ಲಿ ಗಸ್ತು ತಿರುಗಿದ ಇದು, ಒಟ್ಟು 73,500 ನಾಟಿಕಲ್ ಮೈಲಿ ಸಂಚರಿಸಿ 2001ರ ಫೆಬ್ರುವರಿ 27ರಂದು ನಿವೃತ್ತಿಯಾಯಿತು. ಬಳಿಕ ಅದನ್ನು ದಡಕ್ಕೆ ಎಳೆದು ತಂದು ಗಟ್ಟಿ ತಳಪಾಯದ ಮೇಲೆ ಕೂರಿಸಲಾಯಿತು. 2002ರ ಆಗಸ್ಟ್‌ನಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯಿತು.

ಹೊರಗೆ ಕಾಣುವುದು ಬರೀ ಮೇಲಿನ ಕವಚ. ಅದರೊಳಗೆ ದಪ್ಪ ಉಕ್ಕಿನ ಇನ್ನೊಂದು ಕವಚವಿದೆ. ಜನ, ಯಂತ್ರ ಎಲ್ಲವೂ ಇರುವುದು ಅದರಲ್ಲಿ. ಎರಡರ ನಡುವಿನ ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿದರೆ ನೌಕೆ ಮುಳುಗುತ್ತದೆ, ಒತ್ತಡದ ಗಾಳಿ ಬಿಟ್ಟು ನೀರನ್ನು ಹೊರದಬ್ಬಿದರೆ ಏಳುತ್ತದೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ ಒಳಕವಚವನ್ನು ಕೊಳವೆಯಂತೆ ದುಂಡಗೆ ಮಾಡಿದ್ದಾರೆ.

ಒಳಗೆ ಏಳು ವಿಭಾಗಗಳಿವೆ. ಒಂದರಿಂದ ಇನ್ನೊಂದಕ್ಕೆ ದಾಟುವುದು ದುಂಡನೆಯ ಕಿಂಡಿಯ ಮೂಲಕ: ಮೊದಲು ಒಂದು ಕಾಲು ಆಚೆ ಇಟ್ಟು, ತಲೆ ತಗ್ಗಿಸಿ, ಆಮೇಲೆ ಮೈ ತೂರಿಸಬೇಕು. ಕಿಂಡಿಯ ಉಕ್ಕಿನ ಬಾಗಿಲು ಮುಚ್ಚಿ ಬಿಗಿ ಮಾಡಿದರೆ, ಒಂದು ವಿಭಾಗಕ್ಕೆ ನೀರು ನುಗ್ಗಿದರೂ ಪಕ್ಕದ್ದು ಉಳಿಯುತ್ತದೆ.

ಮುಂತುದಿಯ ವಿಭಾಗದಲ್ಲಿ ಆರು ಟಾರ್ಪಿಡೊ ಕೊಳವೆಗಳಿವೆ, ಹಿಂತುದಿಯಲ್ಲಿ ನಾಲ್ಕು. ನೌಕೆ ಹೊತ್ತೊಯ್ಯುತ್ತಿದ್ದದ್ದು 22 ಟಾರ್ಪಿಡೊ. ಎರಡನೆಯ ಮತ್ತು ನಾಲ್ಕನೆಯ ವಿಭಾಗಗಳಲ್ಲಿ ವಾಸದ ಕೋಣೆಗಳು. ಅವುಗಳ ನೆಲದಡಿಯಲ್ಲಿ ಸಾಲು ಸಾಲು ಬ್ಯಾಟರಿಗಳು. ನಡುವೆ ನಿಯಂತ್ರಣ ಕೊಠಡಿ. ಪೆರಿಸ್ಕೋಪು, ಆಳದ ಮಾಪಕಗಳು, ಚುಕ್ಕಾಣಿಯ ಸಲಕರಣೆ, ಗೋಡೆ ತುಂಬ ಕವಾಟಗಳ ಚಕ್ರಗಳು ಅಲ್ಲಿವೆ. ಹಿಂಭಾಗದಲ್ಲಿ ಮೂರು ಡೀಸೆಲ್ ಎಂಜಿನ್, ಅದರಾಚೆ ಮೂರು ವಿದ್ಯುತ್ ಮೋಟಾರು, ಹೊರಗೆ ಮೂರು ಪ್ರೊಪೆಲ್ಲರ್.

ಈ ವ್ಯವಸ್ಥೆಗೆಲ್ಲ ಗಾಳಿಯೇ ಕಾರಣ. ಡೀಸೆಲ್ ಎಂಜಿನ್ ಓಡಲು ಗಾಳಿ ಬೇಕು, ನೀರಿನಡಿ ಅದು ಸಿಗದು. ಹಾಗಾಗಿ ನೀರಿನ ಮೇಲಿದ್ದಾಗ, ಇಲ್ಲವೇ ಸ್ನಾರ್ಕೆಲ್ ಎಂಬ ಕೊಳವೆಯನ್ನು ಮೇಲೆ ಚಾಚಿ ಎಂಜಿನ್ ಓಡಿಸಿ ಬ್ಯಾಟರಿ ತುಂಬಿಕೊಳ್ಳುತ್ತಿದ್ದರು. ಮುಳುಗಿದ ಮೇಲೆ ಮೋಟಾರಿನ ಓಟ. ವೇಗ ಹೆಚ್ಚಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಬ್ಯಾಟರಿ ತುಂಬಿಕೊಳ್ಳಲು ಮೇಲೆ ಬಂದರೆ ಶತ್ರುವಿನ ಕಣ್ಣಿಗೆ ಬೀಳುವ ಭಯ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಒಂದೆಡೆ ಸೇರಿದರೆ ಸ್ಫೋಟವಾಗಬಹುದಾದ್ದರಿಂದ ಅದರ ಮೇಲೂ ಸದಾ ನಿಗಾ ಇಡಬೇಕಿತ್ತು.

ಯಂತ್ರ, ಆಯುಧ, ಬ್ಯಾಟರಿಗಳಿಗೆ ಕೊಟ್ಟು ಮಿಕ್ಕ ಜಾಗದಲ್ಲಿ 75 ಜನರ ಬದುಕು. ಟಾರ್ಪಿಡೊಗಳ ಪಕ್ಕದಲ್ಲೇ ನಾವಿಕರ ಮಲಗುವ ಹಲಗೆಗಳು. ಅಡುಗೆಮನೆಯಲ್ಲಿ ಇಬ್ಬರು ಒಟ್ಟಿಗೆ ತಿರುಗಾಡುವುದೂ ಕಷ್ಟ. ಸಿಹಿನೀರು ಮಿತವಾಗಿದ್ದುದರಿಂದ ಸ್ನಾನಕ್ಕೆ ಕಟ್ಟುನಿಟ್ಟು. ಎಂಜಿನ್ನಿನ ಬಿಸಿ, ಡೀಸೆಲ್ ವಾಸನೆ ಎಲ್ಲರಿಗೂ ಸಮಪಾಲು.

ಆಯಾ ಜಾಗದಲ್ಲಿ ನಾವಿಕರ ಕೆಲಸ ತೋರಿಸುವ ಬೊಂಬೆಗಳನ್ನು ಇಟ್ಟಿದ್ದಾರೆ. ವಿವರಣೆ ಕೊಡುವವರಲ್ಲಿ ನಿವೃತ್ತ ನೌಕಾಪಡೆ ಸಿಬ್ಬಂದಿ ಇರುವುದು ಇಲ್ಲಿನ ಹೆಚ್ಚುಗಾರಿಕೆ. ದಾರಿ ಇಕ್ಕಟ್ಟಾದ್ದರಿಂದ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಮಂಡಿನೋವಿನವರಿಗೆ, ಇಕ್ಕಟ್ಟು ಜಾಗಕ್ಕೆ ಅಂಜುವವರಿಗೆ ಕಿಂಡಿಗಳು ತೊಡಕಾಗುತ್ತವೆ.

ರಸ್ತೆಯಾಚೆ 2017ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಟಿಯು-142 ವಿಮಾನ ಸಂಗ್ರಹಾಲಯವಿದೆ. ಸಮುದ್ರದ ಮೇಲೆ ಹಾರುತ್ತ ಜಲಾಂತರ್ಗಾಮಿಗಳನ್ನು ಹುಡುಕುವುದೇ ಈ ವಿಮಾನದ ಕೆಲಸವಾಗಿತ್ತು. ಆದ್ದರಿಂದ ಎರಡನ್ನೂ ಒಂದೇ ದಿನ ನೋಡಿದರೆ ಅಡಗುವವರ ಮತ್ತು ಹುಡುಕುವವರ ತಂತ್ರ ಎರಡೂ ತಿಳಿಯುತ್ತವೆ. ಇದೇ ಮಾದರಿಯ ಮತ್ತೊಂದು ವಿಮಾನ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಐಎನ್‌ಎಸ್ ಚಪಲ್ ನೌಕೆಯ ಬಳಿ ಇದೆ. ಆದರೆ ಜಲಾಂತರ್ಗಾಮಿಯ ಒಳಹೊಕ್ಕು ನೋಡಲು ಕರ್ನಾಟಕದವರು ವಿಶಾಖಪಟ್ಟಣದಂಥ ಊರಿಗೇ ಹೋಗಬೇಕು.