ಆರರವರೆಗೆ ಏರಿ ಇಳಿದ ಸಂಖ್ಯೆ

ಹೈದರಾಬಾದಿನ ಮೆಹದಿಪಟ್ಟಣಂನಿಂದ ಚೇವೆಳ್ಳ, ತಾಂಡೂರಿನ ದಾರಿ ಹಿಡಿದು ಪಡುವಣಕ್ಕೆ ಹೊರಟರೆ ಗಡಿಯಾಚೆ ಸೇಡಂ, ಅದರ ಮುಂದೆ ಕಾಗಿಣಾ ದಂಡೆಯ ಮಳಖೇಡ. 1948ರವರೆಗೆ ಇಷ್ಟೂ ನೆಲ ನಿಜಾಮರದು. ಅದಕ್ಕೂ ಸಾವಿರ ವರ್ಷ ಹಿಂದೆ ಈ ಮಳಖೇಡ ಮಾನ್ಯಖೇಟವಾಗಿತ್ತು, ಅಮೋಘವರ್ಷ ನೃಪತುಂಗನ ರಾಜಧಾನಿ. ಆ ಅರಸನನ್ನು ಸ್ತುತಿಸಿ ಸುಮಾರು 850ರಲ್ಲಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ಅದರಲ್ಲೊಂದು ಸಂಖ್ಯೆ ಬರುತ್ತದೆ: 12345654321.

ಅದರ ಅಂಕಿಗಳನ್ನು ಬಿಡಿಬಿಡಿಯಾಗಿ ಎಣಿಸುವ ಗೋಜಿಗೆ ಆಚಾರ್ಯ ಹೋಗಲಿಲ್ಲ. ಒಂದರಿಂದ ಆರರವರೆಗೆ ಹೋಗಿ, ಅಲ್ಲಿಂದ ಕ್ರಮವಾಗಿ ಇಳಿಯುವುದು ಎಂದು ಹೇಳಿ ಮುಗಿಸಿದ. 441ನ್ನು 27994681ರಿಂದ ಗುಣಿಸಿದರೆ ಈ ಸಂಖ್ಯೆ ಸಿಗುತ್ತದೆ. ಆ ಎರಡನೆಯ ಸಂಖ್ಯೆಯ ಮುಖ ನೋಡಿ! ಅದರ ಹೊಟ್ಟೆಯೊಳಗೆ ಇಂಥ ಚೆಲುವು ಅಡಗಿದೆಯೆಂದು ಯಾರು ಊಹಿಸಿಯಾರು?

ಇದು ಕಣ್ಣುಮುಚ್ಚಿ ಗುಣಿಸುತ್ತ ಹೋದಾಗ ಎಡವಿ ಸಿಕ್ಕಿದ್ದಲ್ಲ ಎಂದೇ ನನ್ನ ಎಣಿಕೆ. 111111ನ್ನು ಅದರಿಂದಲೇ ಗುಣಿಸಿ: ಆರು ಸಾಲು ಒಂದುಗಳು, ಪ್ರತಿ ಸಾಲೂ ಒಂದು ಮನೆ ಎಡಕ್ಕೆ. ಕೂಡಿದರೆ ಮನೆಮನೆಗೆ 1, 2, 3 ಎಂದು 6ರವರೆಗೆ ಏರಿ ಇಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಈ ಆಟ ನಡೆಯುತ್ತದೆ. ಹತ್ತಾದರೆ ದಶಕ ಬಂದು ಸಾಲು ಕೆಡುತ್ತದೆ. ಇನ್ನು 111111 ಎಂದರೆ 3, 7, 11, 13, 37 ಇವುಗಳ ಗುಣಲಬ್ಧ. 3ನ್ನೂ 7ನ್ನೂ ಒಂದು ಕಡೆಗಿಟ್ಟರೆ 21, ಉಳಿದದ್ದು 5291. 21ರ ವರ್ಗ 441, 5291ರ ವರ್ಗ 27994681. ಉತ್ತರವನ್ನು ಮೊದಲು ಕಂಡು, ಅದನ್ನು ಒಡೆದು, ಆಮೇಲೆ ಪ್ರಶ್ನೆ ಕಟ್ಟಿದ ಕೈ ಇದು. ಇಂಥ ಇನ್ನೂ ಹಲವು ಗುಣಾಕಾರಗಳನ್ನು ಅವನು ಅರಸನ ಕೊರಳ ಕಂಠಿಕೆಯಂತೆ ಪೋಣಿಸಿದ್ದಾನೆ: 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 142857143ನ್ನು 7ರಿಂದ ಗುಣಿಸಿದರೆ 1000000001.

ಇಂಥವನೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದುಬಿಟ್ಟಿದ್ದಾನೆ. ಇರಲಿ, ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗುರುತಿಸಿದವನೂ ಅವನೇ.

ಗ್ರಂಥವನ್ನು 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ. ಆದರೆ ಹೊರಜಗತ್ತಿಗೆ ಅದು ಸಿಕ್ಕಿದ್ದು ತೀರ ಈಚೆಗೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಎಂ. ರಂಗಾಚಾರ್ಯರಿಗೆ ಮೊದಲು ದೊರೆತ ಪ್ರತಿಗಳು ಅಪೂರ್ಣ. ಮೈಸೂರಿನಿಂದ ಬಂದ ಪ್ರತಿ, ಮೂಡುಬಿದಿರೆಯ ಜೈನ ಮಠದ ತಾಳೆಗರಿ, ಎರಡೂ ಕನ್ನಡ ಲಿಪಿಯವು, ಆ ಕೊರತೆಯನ್ನು ತುಂಬಿದವು. ಅವರ ಇಂಗ್ಲಿಷ್ ಅನುವಾದ ಸಹಿತ ಮುದ್ರಣ ಬಂದದ್ದು 1912ರಲ್ಲಿ. ಮುನ್ನುಡಿ ಅಮೆರಿಕದ ಡೇವಿಡ್ ಯೂಜೀನ್ ಸ್ಮಿತ್ ಅವರದು. ಲಿಪಿ ನಮ್ಮದಾಗಿದ್ದರೂ ಪೂರ್ಣ ಕನ್ನಡ ಅನುವಾದದ ಮುದ್ರಣಕ್ಕೆ ನಾವು ಬಹಳ ಕಾಯಬೇಕಾಯಿತು. ಪದ್ಮಾವತಮ್ಮ ಅವರ ಅನುವಾದವನ್ನು ಹೊಂಬುಜದ ಜೈನ ಮಠ ಪ್ರಕಟಿಸಿದ್ದು 2000ದಲ್ಲಿ. ಗ್ರಂಥಾಲಯದಲ್ಲಿ ಸಿಕ್ಕರೆ ಗುಣಾಕಾರದಂಥ ಮೂಲಕ್ರಿಯೆಗಳನ್ನು ಹೇಳುವ ಪರಿಕರ್ಮದ ಅಧ್ಯಾಯ ತೆರೆಯಿರಿ, ಮೊಬೈಲನ್ನು ದೂರವಿಟ್ಟು 12345679ನ್ನು 9ರಿಂದ ಕೈಯಾರೆ ಗುಣಿಸಿ ನೋಡಿ.